ಉಡಿಯ ಇದ್ದಿಲು

ಹೆಂಗಸರಿಗೆ ಟಿಕೆಟ್ ಬಿಟ್ಟಿಯಾದ ಮೇಲೆ ನನ್ನ ಬಸ್ಸಿನಲ್ಲಿ ಗಂಡಸರು ನಿಂತೇ ಹೋಗಬೇಕು. ಸೇಡಂನಿಂದ ಹೊರಟು ಚಿಂಚೋಳಿ ದಾಟಿ ತೆಲಂಗಾಣದ ಗಡಿಯ ಕಾಡಂಚಿನವರೆಗೆ ಹೋಗಿ ಬರುವ ಬಸ್ಸಿಗೆ ನಾನು ಕಂಡಕ್ಟರ್. ನನ್ನ ಬಾಯಿ ಜೋರು ಎಂದು ಈ ದಾರಿಯಲ್ಲಿ ಎಲ್ಲರಿಗೂ ಗೊತ್ತು. ಬಾಗಿಲಲ್ಲಿ ಜೋತುಬೀಳುವ ಕಾಲೇಜು ಹುಡುಗರನ್ನು ಕಾಲರ್ ಹಿಡಿದು ಒಳಗೆ ಎಳೆದಿದ್ದೇನೆ, ಕುಡಿದು ಹತ್ತಿದ ಒಬ್ಬನ ಕಪಾಳಕ್ಕೆ ಕೊಟ್ಟು ಇಳಿಸಿದ್ದೇನೆ. ಕೈ ಎತ್ತುವ ಮೊದಲು ಯೋಚಿಸುವ ಬುದ್ಧಿ ನನಗೆ ಹುಟ್ಟಿನಿಂದಲೇ ಇಲ್ಲ, ಅದು ಅಪ್ಪನಿಂದ ಬಂದ ಆಸ್ತಿ.

ಆದರೆ ಕಾಡಂಚಿನ ಕೊನೆಯ ಸ್ಟಾಪಿನಲ್ಲಿ ಒಬ್ಬ ಮುದುಕ ಹತ್ತಿದರೆ ನನ್ನ ಬಾಯಿ ಕಟ್ಟುತ್ತಿತ್ತು. ಆತ ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಡಗೈಯಿಂದ ಕಂಬಿ ಹಿಡಿದು ಹತ್ತುತ್ತಾನೆ. ಬಲಗೈ ಮೊಣಕೈಯಲ್ಲಿ ಸೊಟ್ಟಗಾಗಿ, ಒಣಗಿ, ಪಕ್ಕದಲ್ಲಿ ಸುಮ್ಮನೆ ತೂಗಾಡುತ್ತದೆ. ಕೂತ ಮೇಲೆ ಜೇಬಿನಿಂದ ಅಂಗವಿಕಲರ ಪಾಸ್ ತೆಗೆದು ನನ್ನ ಮುಖದ ಮುಂದೆ ಹಿಡಿಯುತ್ತಾನೆ. ಪಾಸ್ ನೋಡಲೇಬೇಕು ಎಂಬುದು ನಿಯಮ. ನಾನು ಪಾಸನ್ನಷ್ಟೇ ನೋಡಿ, ಮುಖ ನೋಡದೆ ಮುಂದೆ ಹೋಗುತ್ತಿದ್ದೆ. ಹನ್ನೊಂದು ವರ್ಷ ಹೀಗೇ ನಡೆಯಿತು.

ಆ ಕೈ ಮುರಿದವನು ನನ್ನ ಅಪ್ಪ. ಮುರಿಯಲು ದಾರಿ ಮಾಡಿಕೊಟ್ಟವಳು ನಾನು.

ಅಪ್ಪ ಮುಧೋಳದ ಕಡೆಯವನು. ಅಣ್ಣತಮ್ಮಂದಿರ ಪಾಲಿನಲ್ಲಿ ತನಗೆ ಬಂದ ತುಂಡು ನೆಲಕ್ಕೆ ಥೂ ಎಂದು ಉಗಿದು, ಒಂದು ಜೋಡಿ ಎತ್ತು, ನನ್ನ ಅವ್ವ, ನಡೆಯಲು ಕಲಿಯುತ್ತಿದ್ದ ನನ್ನ ಅಣ್ಣ, ಇಷ್ಟನ್ನು ಕಟ್ಟಿಕೊಂಡು ಚಿಂಚೋಳಿಯ ಆಚೆಯ ಗುಡ್ಡಕ್ಕೆ ಬಂದ. ಅವನ ಜೊತೆಗೆ ಅದೇ ಊರಿನ ಗೆಳೆಯನೊಬ್ಬ ತನ್ನ ಸಂಸಾರದೊಂದಿಗೆ ಬಂದ. ನಾವು ಅವನನ್ನು ಮಾವ ಎಂದು ಕರೆಯುತ್ತಿದ್ದೆವು. ಈಗ ನನ್ನ ಬಸ್ಸಿಗೆ ಒಂದೇ ಕೈಯಿಂದ ಹತ್ತುವವನು ಅವನೇ.

ಇಬ್ಬರೂ ಸೇರಿ ಕುರುಚಲು ಕಡಿದರು, ಬೆಂಕಿ ಹಾಕಿದರು, ಕಲ್ಲು ಕಿತ್ತರು. ನಾನು ಹುಟ್ಟಿದ್ದು ಅಲ್ಲಿಯೇ. ನನಗೆ ನೆನಪಿರುವ ಮೊದಲ ಬೆಳಗು ಎಂದರೆ, ಜೋಳದ ಹೊಲಕ್ಕೆ ನುಗ್ಗಿದ ಕಾಡುಹಂದಿಯನ್ನು ಅಪ್ಪ ಕೊಡಲಿಯಿಂದ ಕಡಿದದ್ದು. ಅದು ಸಾಯಲೊಲ್ಲದು. ತಲೆ ಒಡೆದು, ಒಂದು ಕಣ್ಣು ಹೊರಗೆ ಬಂದು, ಆದರೂ ಅವ್ವನ ಕಡೆಗೆ ನುಗ್ಗಿತು. ಮಾವ ಅಡ್ಡ ಬಂದು ಹಾರೆಯಿಂದ ಇರಿದ. ಅವ್ವನ ಮುಖ, ಎದೆ ಎಲ್ಲ ರಕ್ತ. ಗೆಳೆಯರಿಬ್ಬರೂ ಹಂದಿಯ ಪಕ್ಕದಲ್ಲಿ ಕೂತು ಏದುಸಿರು ಬಿಡುತ್ತ ನಗುತ್ತಿದ್ದರು. ಅಂದು ಮಾವ ಇರದಿದ್ದರೆ ನನಗೆ ಅವ್ವ ಇರುತ್ತಿರಲಿಲ್ಲ.

ಸರ್ಕಾರದ ಅಳತೆಯವರು ಆ ಹೊಲಗಳಿಗೆ ಕಾಲಿಟ್ಟಿರಲಿಲ್ಲ. ಕಾಗದ ಇಲ್ಲ, ನಕ್ಷೆ ಇಲ್ಲ. ಗಡಿ ಎಂದರೆ ಕಲ್ಲು. ನನಗೆ ಎಂಟು ತುಂಬಿದ ವರ್ಷ ಅಪ್ಪ ಮತ್ತು ಮಾವ ಶಹಾಬಾದಿನಿಂದ ಒಂದು ಆಳೆತ್ತರದ ಪರ್ಸಿ ಚಪ್ಪಡಿಕಲ್ಲು ತರಿಸಿ ಇಬ್ಬರ ಹೊಲದ ನಡುವೆ ನೆಟ್ಟರು. ನಮ್ಮ ಕಡೆ ಇದಕ್ಕೊಂದು ಪದ್ಧತಿ ಉಂಟು. ಗಡಿಕಲ್ಲಿನ ಬುಡಕ್ಕೆ ಇದ್ದಿಲು ಹಾಕಿ ಮುಚ್ಚುತ್ತಾರೆ. ಕಲ್ಲನ್ನು ಯಾರಾದರೂ ಕಿತ್ತು ಸರಿಸಬಹುದು, ಇದ್ದಿಲು ಮಾತ್ರ ನೂರು ವರ್ಷವಾದರೂ ಕೊಳೆಯದೆ ಇದ್ದಲ್ಲೇ ಇರುತ್ತದೆ. ಆ ಇದ್ದಿಲನ್ನು ಮನೆಯ ಚಿಕ್ಕ ಕೂಸಿನ ಕೈಯಿಂದ ಹಾಕಿಸುತ್ತಾರೆ. ನಿಂತವರಲ್ಲಿ ಕೊನೆಗೆ ಸಾಯುವುದು ಅದು, ಅಲ್ಲಿಯವರೆಗೂ ಸಾಕ್ಷಿ ಉಳಿಯಲಿ ಎಂದು.

ಆ ಕೂಸು ನಾನು. ಅವ್ವ ಒಲೆಯಿಂದ ತೆಗೆದು ಆರಿಸಿದ ಇದ್ದಿಲನ್ನು ಲಂಗದ ಉಡಿಯಲ್ಲಿ ಕಟ್ಟಿಕೊಂಡು ಹೊಲದವರೆಗೆ ನಡೆದೆ. ಮಾವ ನನ್ನನ್ನು ಎತ್ತಿ ಕುಣಿಯೊಳಗೆ ಇಳಿಸಿದ.

"ಎಲ್ಲಾ ಸುರಿ ತಾಯಿ. ಛಲೋ ನೆನಪಿಟ್ಕೋ, ಎಲ್ಲಿ ಹಾಕೀದಿ ಅಂತ," ಎಂದ.

"ಅಕೀ ನನ್ನ ಮಗಳದಾಳ. ಏನೂ ಮರಿಯಂಗಿಲ್ಲ," ಎಂದ ಅಪ್ಪ. ನನಗೆ ಎಲ್ಲಿಲ್ಲದ ಜಂಬ. ಲಂಗ ಹಾಳಾಯಿತೆಂದು ಅವ್ವ ಬೈದದ್ದೂ ಕಿವಿಗೆ ಬೀಳಲಿಲ್ಲ.

ಅಪ್ಪ ಖಾಕಿ ತೊಟ್ಟದ್ದು ಅದರ ಮರುವರ್ಷ. ಜಾತ್ರೆ, ಚುನಾವಣೆ, ಗಲಾಟೆ ಎಂದರೆ ಪೊಲೀಸರ ಜೊತೆ ಬಂದೋಬಸ್ತಿಗೆ ನಿಲ್ಲುವ ಸ್ವಯಂಸೇವಕರ ದಳಕ್ಕೆ ಹೆಸರು ಕೊಟ್ಟ. ತಿಂಗಳ ಸಂಬಳವಿಲ್ಲ, ಕರೆದ ದಿನ ಹೋಗಬೇಕು ಅಷ್ಟೆ. ಕರೆಯದ ದಿನವೂ ಇವನು ಖಾಕಿಯಲ್ಲೇ ಇರುತ್ತಿದ್ದ. ಎತ್ತಿಗೆ ನೀರು ಕುಡಿಸಲು ಹೋಗುವಾಗಲೂ ಪಟ್ಟಿ, ಬೂಟು, ಟೋಪಿ. ಅವ್ವ ಅವನಿಗೆ ಬಿನ್‌ಪಗಾರಿ ಫೌಜಿ, ಸಂಬಳವಿಲ್ಲದ ಸೈನಿಕ, ಎಂದು ಹೆಸರಿಟ್ಟಿದ್ದಳು. ಅವನ ಎದುರಿಗೆ ಅದನ್ನು ಒಂದೇ ಸಲ ಅಂದಳು. ಆಮೇಲೆ ಎರಡು ವಾರ ಅವಳ ತುಟಿಯ ಹೊಲಿಗೆ ಮಾಯಲಿಲ್ಲ.

ಲಾಠಿ ದೇವರ ಗೂಡಿನಲ್ಲಿ ಇರುತ್ತಿತ್ತು. ಸೋಮವಾರಕ್ಕೊಮ್ಮೆ ಎಣ್ಣೆ ಸವರುತ್ತಿದ್ದ. ಚಿತ್ತಾಪುರದಲ್ಲಿ ಚುನಾವಣೆಯ ಡ್ಯೂಟಿ ಮುಗಿಸಿ ಬಂದರೆ ಯಾರ ಬೆನ್ನು ಎಷ್ಟು ಸೀಳಿತು ಎಂದು ಊಟ ಮಾಡುತ್ತ ವಿವರಿಸುತ್ತಿದ್ದ. ಶಹಾಬಾದಿನಲ್ಲಿ ಒಮ್ಮೆ ಕಲ್ಲು ತೂರಾಟವಾಗಿ ಅವನ ತಲೆಯೇ ಒಡೆಯಿತು. ಬ್ಯಾಂಡೇಜು ಸುತ್ತಿಕೊಂಡು, ಅಂಗಿಯ ತುಂಬ ಒಣಗಿದ ರಕ್ತ ಹೊತ್ತು, ಮದುವೆಗೆ ಹೋಗಿ ಬಂದವನ ಹಾಗೆ ಖುಷಿಯಾಗಿ ಮನೆಗೆ ಬಂದ. ಆ ಅಂಗಿಯನ್ನು ಒಗೆಯಲು ಬಿಡಲಿಲ್ಲ.

ಬೆಳಗಾದರೆ ಅಂಗಳದಲ್ಲಿ ನಮಗೆ ಕವಾಯತು. ಎಡ, ಬಲ, ಎಡ, ಬಲ. ಅಣ್ಣನಿಗೆ ಎಡ ಬಲ ಗೊಂದಲ. ತಪ್ಪಿದ ಕಾಲಿಗೆ ಲಾಠಿಯ ತುದಿ ಬೀಳುತ್ತಿತ್ತು. ಅವನ ಎಡ ಮೀನಖಂಡದ ಮೇಲೆ ಇಂದಿಗೂ ಕೂದಲು ಬೆಳೆಯದ ಪಟ್ಟಿ ಇದೆ. ನಾನು ತಪ್ಪುತ್ತಿರಲಿಲ್ಲ. ಅಣ್ಣ ಅಳುವಾಗ ನಾನು ನೆಟ್ಟಗೆ ನಿಂತು ಅಪ್ಪನ ಮೆಚ್ಚುಗೆಗೆ ಕಾಯುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದೇ ಹಾಗೆ.

ನಮ್ಮ ಹೊಲ ಕೆಂಪು ಗರಸು, ಗಟ್ಟಿ ಜಲ್ಲಿಯ ನೆಲ. ಮಾವನ ಹೊಲದಲ್ಲಿ ಗಡಿಕಲ್ಲಿಗೆ ತಾಗಿ ಒಂದು ಪಟ್ಟಿ ಇತ್ತು. ಬೇಸಿಗೆಯಲ್ಲೂ ಅಲ್ಲಿನ ಮಣ್ಣು ಹಸಿ. ಅಲ್ಲಿ ಬಾವಿ ತೋಡಿದರೆ ನೀರು ಗ್ಯಾರಂಟಿ ಎಂದು ಇಬ್ಬರಿಗೂ ಗೊತ್ತಿತ್ತು. ತೋಡುವ ತಾಕತ್ತು ಮಾವನಿಗೆ ಇನ್ನೂ ಕೂಡಿಬಂದಿರಲಿಲ್ಲ. ಅಪ್ಪ ಆ ಪಟ್ಟಿಯ ಮೇಲೆ ಕಣ್ಣಿಟ್ಟ. ನನಗೆ ಹನ್ನೆರಡು ವರ್ಷವಿದ್ದಾಗ, ಮಾವ ತೊಗರಿ ಮಾರಲು ತಾಂಡೂರಿಗೆ ಹೋದ ದಿನ, ಮಟಮಟ ಮಧ್ಯಾಹ್ನ, ದಳದ ಇಬ್ಬರು ಜೊತೆಗಾರರನ್ನು ಕರೆತಂದು ಕಲ್ಲು ಕಿತ್ತ. ಇಪ್ಪತ್ತು ಹೆಜ್ಜೆ ಆಚೆಗೆ ಹೊತ್ತು ನೆಟ್ಟ. ಅದರ ಬುಡಕ್ಕೆ ನಮ್ಮ ಒಲೆಯದೇ ಹೊಸ ಇದ್ದಿಲು ಸುರಿದ. ಹಳೆಯ ಕುಣಿಯನ್ನು ಮಣ್ಣೆಳೆದು ಮುಚ್ಚಿ, ಮೇಲೆ ಮೇವಿನ ಬಣವೆ ಒಟ್ಟಿದ. ಹಳೆಯ ಇದ್ದಿಲು ಮಣ್ಣಿನಲ್ಲೇ ಉಳಿಯಿತು. ನಾನು ಬೇವಿನ ಮರದಡಿ ನಿಂತು ಎಲ್ಲ ನೋಡಿದೆ.

ಮಾವ ಬಂದವನೇ ಕೂಗಾಡಲಿಲ್ಲ. ಸುತ್ತಲ ಹೊಲಗಳ ಹಿರಿಯರನ್ನು ಕರೆಸಿದ. ಅವರು ಬರುವ ಬೆಳಿಗ್ಗೆ ಅವ್ವ, "ಪಾಪ ಕಟ್ಕೋಬ್ಯಾಡ್ರಿ. ನನ್ನ ಜೀವ ಉಳಿಸ್ಯಾನ ಅಂವ. ಅವಂದು ಅವಂಗ ಬಿಟ್ಟುಕೊಡ್ರಿ," ಎಂದಳು. ಅಪ್ಪ ಅವಳ ಕೂದಲು ಹಿಡಿದು ನೆಲಕ್ಕೆ ಕೆಡವಿ ಬೂಟುಗಾಲಿನಿಂದ ಒದ್ದ. ಪಕ್ಕೆಗೆ, ಹೊಟ್ಟೆಗೆ, ಕೈ ಅಡ್ಡ ತಂದರೆ ಕೈಗೆ. ಅಣ್ಣ ಹೊರಗೆ ಓಡಿಹೋದ. ಅವ್ವ ಕೂಗುವುದನ್ನೂ ನಿಲ್ಲಿಸಿದ ಮೇಲೆ ಅಪ್ಪ ನನ್ನ ಕಡೆ ತಿರುಗಿ ಟೋಪಿ ಸರಿಮಾಡಿಕೊಂಡ.

"ಕಲ್ಲು ಈಗ ಎಲ್ಲಿ ಅದ, ಅಲ್ಲೇ ಇದ್ದಿಲ ಹಾಕೀನಿ ಅನ್ನಬೇಕು. ತಿಳೀತೇನು?"

"ತಿಳೀತು," ಎಂದೆ.

ಹಿರಿಯರು ಕಲ್ಲಿನ ಬುಡ ಅಗೆಸಿದರು. ಇದ್ದಿಲು ಬಂತು. ಮಾವ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ. "ಇದು ಮೊನ್ನೀದು. ಇನ್ನ ಬೂದಿನೂ ಹೋಗಿಲ್ಲ. ಬಣವಿ ಬುಡಕ ಅಗೀರಿ, ಅಲ್ಲಿ ಅದ ಹಳೇದು. ಇಲ್ಲಂದ್ರ ಈ ಪೋರಿಗೆ ಕೇಳ್ರಿ, ಅಕೀನೇ ಹಾಕಿದಾಕಿ," ಎಂದ. ಅವನು ನನ್ನ ಕಡೆ ನೋಡಿದ ನೋಟದಲ್ಲಿ ಅನುಮಾನ ಎಳ್ಳಷ್ಟೂ ಇರಲಿಲ್ಲ. ನಾನು ನಿಜ ಹೇಳುತ್ತೇನೆ ಎಂದು ಅಷ್ಟು ನಂಬಿದ್ದ.

ಹಿರಿಯರು ಕೇಳಿದರು. ನಾನು ಹೊಸ ಜಾಗಕ್ಕೆ ಬೆರಳು ಮಾಡಿ, "ಇಲ್ಲೇ," ಎಂದೆ.

ಹೆದರಿ ಹೇಳಿದೆ ಎಂದರೆ ಅದು ಅರ್ಧ ಮಾತು. ಹಳ್ಳದಿಂದ ದಿನಕ್ಕೆ ಆರು ಕೊಡ ನೀರು ಹೊತ್ತು ನನ್ನ ನೆತ್ತಿ ಸವೆದಿತ್ತು. ಆ ಪಟ್ಟಿ ನಮ್ಮದಾದರೆ ಬಾವಿ ಬರುತ್ತದೆ ಎಂದು ನನಗೂ ಗೊತ್ತಿತ್ತು. ನನಗೂ ಅದು ಬೇಕಿತ್ತು.

ಮಾವ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಗುದ್ದಲಿ ಎತ್ತಿಕೊಂಡು ಬಣವೆಯ ಕಡೆ ನಡೆದ. ಮೇವನ್ನು ಕಾಲಿನಿಂದ ತಳ್ಳಿ, ಗುದ್ದಲಿ ಎತ್ತಿ ಒಂದು ಏಟು ಹಾಕಿದ. ಎರಡನೆಯ ಏಟಿಗೆ ಕೈ ಮೇಲೆತ್ತಿದ್ದಾಗ ಅಪ್ಪನ ಲಾಠಿ ಮೊಣಕೈಯ ಮೇಲೆ ಬಿತ್ತು. ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಗುದ್ದಲಿ ಕೆಳಗೆ ಬಿತ್ತು, ಮಾವ ಅದರ ಮೇಲೆ ಬಿದ್ದ. ಅಪ್ಪ ನಿಲ್ಲಿಸಲಿಲ್ಲ. ಅದೇ ಕೈಗೆ, ಅದೇ ಜಾಗಕ್ಕೆ ಇನ್ನೂ ನಾಲ್ಕು ಸಲ ಹೊಡೆದ. ತೋಳಿನಿಂದ ಬಿಳಿ ಎಲುಬು ಹೊರಗೆ ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ಹಿರಿಯರು ಖಾಕಿ ನೋಡಿದರು, ಲಾಠಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವನನ್ನು ಗಾಡಿಯಲ್ಲಿ ಮಲಗಿಸಿ ಚಿಂಚೋಳಿಗೆ ಒಯ್ದರು. ಮರದಿಂದ ಬಿದ್ದ ಎಂದು ಹೇಳಿಸಿದರು. ಕೈ ಉಳಿಯಿತು, ಆದರೆ ಸತ್ತೇ ಉಳಿಯಿತು. ಆ ವಾರದಲ್ಲೇ ಅಪ್ಪ ಬಣವೆ ತೆಗೆದು ಅದೇ ಜಾಗದ ಮೇಲೆ ಪರ್ಸಿ ಹಾಸಿ ದನದ ಕೊಟ್ಟಿಗೆ ಕಟ್ಟಿದ. ಇನ್ನು ಯಾವ ಗುದ್ದಲಿಯೂ ಅಲ್ಲಿಗೆ ಇಳಿಯುವಂತಿರಲಿಲ್ಲ. ಸಾಕ್ಷಿಯ ಕೂಸೇ ಬೇರೆ ಜಾಗ ತೋರಿಸಿದ ಮೇಲೆ ಮಾವ ಸುಳ್ಳುಗಾರನಾದ. ಕಂಡವರ ಗಡಿ ನುಂಗಲು ಹೋದವನು ಎಂದು ಹೆಸರಾಯಿತು. ಅದೇ ಹೆಸರಿನಿಂದ ಅವನ ಮಗಳ ಸಂಬಂಧ ಎರಡು ಸಲ ಮುರಿದು ಬಿತ್ತು. ನಮ್ಮ ಬಾವಿಗೆ ಮಾತ್ರ ಮೂರಾಳು ಆಳದಲ್ಲೇ ನೀರು ಬಂತು. ನಾವು ಉಳ್ಳಾಗಡ್ಡಿ ಬೆಳೆದೆವು, ನಾನು ಚಿಂಚೋಳಿಯಲ್ಲಿ ಓದಿದೆ, ಅಣ್ಣ ವಾಡಿಯ ಸಿಮೆಂಟ್ ಫ್ಯಾಕ್ಟರಿಗೆ ಸೇರಿದ. ನನ್ನ ಈ ನೌಕರಿಯೂ ಆ ನೀರಿನದೇ.

ಕಳೆದ ವರ್ಷ ಅಪ್ಪ ಸೇಡಂನ ನನ್ನ ಮನೆಯಲ್ಲಿ ಹಾಸಿಗೆ ಹಿಡಿದ. ಸಾಯುವ ವಾರದಲ್ಲೂ ಗಂಜಿ ಬಿಸಿಯಾಯಿತೆಂದು ನನ್ನ ಮೇಲೆ ತಂಬಿಗೆ ಎಸೆದ, ಹುಬ್ಬು ಒಡೆಯಿತು. ಅದೇ ದಿನ ನನ್ನನ್ನೂ ಅಣ್ಣನನ್ನೂ ಹತ್ತಿರ ಕರೆದ.

"ನನ್ನನ್ನ ಕೊಟ್ಟಿಗಿ ಜಾಗದಾಗೇ ಹುಗೀರಿ. ಸಮಾಧಿ ಮ್ಯಾಲ ಯಾವ ಮಗನೂ ಗುದ್ದಲಿ ಹಾಕಂಗಿಲ್ಲ," ಎಂದ. ಆಮೇಲೆ ಅಣ್ಣನ ಕೈ ಹಿಡಿದು, "ಕುಣಿ ನೀನೇ ತೋಡು. ಕರ್ರಗ ಏನರ ಬಂತಂದ್ರ ಮಣ್ಣಾಗ ಕಲಸಿಬಿಡು," ಎಂದ.

ಅಣ್ಣ ತಲೆಯಾಡಿಸಿದ. ನಾನು ಹುಬ್ಬಿನ ರಕ್ತ ಒರೆಸಿಕೊಳ್ಳುತ್ತ ಕೂತಿದ್ದೆ. ಗಡಿಯನ್ನು ಸತ್ತ ಮೇಲೂ ಕಾಯಲು ಹೊರಟಿದ್ದ ಈ ಮುದುಕ. ಅವನು ಅಲ್ಲಿ ಮಲಗಿದನೆಂದರೆ ಮುಗಿಯಿತು. ಮಾವ ಸಾಯುವವರೆಗೆ, ಸತ್ತ ಮೇಲೂ, ಸುಳ್ಳುಗಾರನೇ.

ಅಪ್ಪ ತೀರಿಕೊಂಡ ದಿನ ಹೆಣವನ್ನು ಹೊಲಕ್ಕೆ ತಂದೆವು. ಅಣ್ಣ ಹೊಸ ಧೋತರ ತಂದಿದ್ದ. ಅವ್ವ ಅದನ್ನು ಪಕ್ಕಕ್ಕೆ ಸರಿಸಿ ಖಾಕಿ ಬಟ್ಟೆ, ಲಾಠಿ ಎರಡನ್ನೂ ತಂದಿಟ್ಟಳು. "ಇವೇ ಹಾಕ್ರಿ. ಅವನ ಸಂಗಾಟ ಇವೂ ಹೋಗ್ಲಿ," ಎಂದಳು.

ಕೊಟ್ಟಿಗೆ ಎಂದೋ ಬಿದ್ದುಹೋಗಿತ್ತು. ಅಣ್ಣ ಹಾರೆಯಿಂದ ಪರ್ಸಿ ಎಬ್ಬಿಸಿ ಅಗೆಯತೊಡಗಿದ. ಮಾವ ಅವನ ಹೊಲದ ಬದುವಿನ ಮೇಲೆ ಒಬ್ಬನೇ ನಿಂತಿದ್ದ, ಒಳಗೆ ಬರಲಿಲ್ಲ. ಸೊಂಟದ ಆಳಕ್ಕೆ ಹೋದಾಗ ಅಣ್ಣ ಗಕ್ಕನೆ ನಿಂತ. ಕೆಂಪು ಮಣ್ಣಿನಲ್ಲಿ ಕರಿಯ ಚೂರುಗಳು. ಅವನು ನನ್ನನ್ನೊಮ್ಮೆ ನೋಡಿ, ಸಲಿಕೆಯಿಂದ ಅವುಗಳ ಮೇಲೆ ಮಣ್ಣೆಳೆಯತೊಡಗಿದ.

ನಾನು ಕುಣಿಗೆ ಹಾರಿದೆ. "ಬಿಡು," ಎಂದು ಅವನನ್ನು ತಳ್ಳಿ ಎರಡೂ ಕೈಯಿಂದ ಇದ್ದಿಲು ಬಾಚಿ ಸೀರೆಯ ಸೆರಗಿಗೆ ತುಂಬಿಕೊಂಡೆ. ಹತ್ತಿ ಬಂದು ನೆಟ್ಟಗೆ ಬದುವಿನ ಕಡೆ ನಡೆದೆ. ಅರುವತ್ತು ಎಪ್ಪತ್ತು ಜನ ನೋಡುತ್ತಿದ್ದರು. ಮಾವನ ಮುಂದೆ ನಿಂತು ಸೆರಗು ಬಿಚ್ಚಿದೆ.

"ನಾ ಹಾಕಿದ್ದು ಅಲ್ಲೇ ಮಾವ, ಆ ಕುಣ್ಯಾಗ," ಎಂದೆ.

ಅವನು ಎಡಗೈಯಿಂದ ನನ್ನ ಕಪಾಳಕ್ಕೆ ಹೊಡೆದ. ಇರುವ ಒಂದೇ ಕೈಯ ಎಲ್ಲ ಶಕ್ತಿಯೂ ಅದರಲ್ಲಿತ್ತು. ನಾನು ಮಂಡಿಯೂರಿ ಬಿದ್ದೆ, ಬಾಯಲ್ಲಿ ರಕ್ತ ಬಂತು. ಅಣ್ಣ ಕೂಗುತ್ತ ಓಡಿಬಂದು ಸಲಿಕೆ ಎತ್ತಿದ. ಎದ್ದು ಅಡ್ಡ ನಿಂತೆ, ಅದರ ಹಿಡಿ ನನ್ನ ಭುಜಕ್ಕೆ ಬಿತ್ತು. ಅವನು ಮತ್ತೆ ಎತ್ತುವಷ್ಟರಲ್ಲಿ ಹಿಂದಿನಿಂದ ಅವ್ವ ಬಂದಳು. ಕೈಯಲ್ಲಿ ಅಪ್ಪನ ಲಾಠಿ. ಅಣ್ಣನ ಬೆನ್ನಿಗೆ ಬೀಸಿ ಹೊಡೆದಳು, ಮತ್ತೆ ಹೊಡೆದಳು, ಅವನು ಸಲಿಕೆ ಬಿಡುವವರೆಗೂ ಹೊಡೆದಳು. ಜೀವಮಾನವೆಲ್ಲ ಅದರ ಏಟು ತಿಂದವಳು ಅದನ್ನು ಎತ್ತಿದ್ದು ಅದೊಂದೇ ದಿನ.

"ಒಬ್ಬ ಫೌಜಿ ಸಾಕಾಗಿಲ್ಲೇನು ಈ ಮನಿಗೆ?" ಎಂದು ಏದುಸಿರು ಬಿಟ್ಟಳು. ಲಾಠಿಯನ್ನು ಹೆಣದ ಪಕ್ಕ ಎಸೆದು ಅಲ್ಲೇ ಕೂತಳು.

ಮಾವ ಬಾಗಿ ನೆಲಕ್ಕೆ ಚೆಲ್ಲಿದ್ದ ಇದ್ದಿಲಿನ ಒಂದು ಚೂರು ಎತ್ತಿಕೊಂಡ. ಬೆರಳಲ್ಲಿ ಉಜ್ಜಿದ, ಅಂದು ಉಜ್ಜಿದ ಹಾಗೆಯೇ.

"ಇದಕ್ಕ ಬಾಯಿ ಇಲ್ಲ. ಅದಕ್ಕೇ ಕೂಸಿನ ಕೈಲಿ ಹಾಕಸ್ತಾರ," ಎಂದ. "ನಿನಗ ಇತ್ತಲ್ಲ ಬಾಯಿ. ಬಸ್ಸಿನಾಗ ಭಾಳ ದೊಡ್ಡ ಬಾಯಿ ಅದ ನಿಂದು. ದಿನಾ ಕಾದೆ ನಾ, ಇವತ್ತ ಹೇಳತಾಳ, ನಾಳೆ ಹೇಳತಾಳ ಅಂತ."

ನಾನು ಅತ್ತೆ. ಅಪ್ಪ ಸತ್ತಾಗ ಬಾರದ ಅಳು ಆಗ ಬಂತು. ಅವನು ಅದಕ್ಕೆ ಕರಗಲಿಲ್ಲ. "ಕುಣಿ ಆ ಕಡೆ ತೋಡ್ರಿ. ಇದು ನನ್ನ ಹೊಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಆ ಕಡೆ ಗರಸು ನೆಲ, ಹಾರೆಯೇ ಇಳಿಯಲೊಲ್ಲದು. ನಾಲ್ಕು ಜನ ಸರದಿಯ ಮೇಲೆ ಅಗೆದರು. ಅಣ್ಣ ಬೆನ್ನು ತಿರುಗಿಸಿ ಕೂತವನು ಕೊನೆಗೆ ತಾನೂ ಎದ್ದು ಬಂದ. ಹೊತ್ತು ಇಳಿಯುವ ಮೊದಲು ಅಪ್ಪನನ್ನು ಖಾಕಿ, ಲಾಠಿ ಸಮೇತ ಅವನದೇ ನೆಲದಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಜನ ಸೇರಿ ಗಡಿಕಲ್ಲನ್ನು ಹಳೆಯ ಜಾಗಕ್ಕೆ ಹೊತ್ತು ತಂದರು. ಕುಣಿಯ ಅಂಚಿನಲ್ಲಿ ನಿಂತು ಮಾವ ನನ್ನನ್ನು ಕರೆದ. ಇದ್ದಿಲನ್ನು ಉಡಿಯಲ್ಲಿ ತರಬೇಕು, ಎಲ್ಲರೆದುರು ಬಾಯಿಬಿಟ್ಟು ಹೇಳಿ ಹಾಕಬೇಕು ಎಂದ. ತಂದೆ, ಹೇಳಿದೆ, ಹಾಕಿದೆ. ನಲವತ್ತು ದಾಟಿದ ಹೆಂಗಸು, ಕುಣಿಯಿಂದ ಹತ್ತಿ ಬರಲು ಯಾರೂ ಕೈ ಕೊಡಲಿಲ್ಲ.

ಪಟ್ಟಿ ಈಗ ಅವನದು, ಬಾವಿಯೂ ಅವನದು. ಅಣ್ಣ ವಾಡಿಯಿಂದ ನನಗೆ ಫೋನ್ ಮಾಡುವುದಿಲ್ಲ. ಅವ್ವ ನನ್ನ ಜೊತೆಗಿದ್ದಾಳೆ.

ಕಲ್ಲು ನೆಟ್ಟ ಮುಂದಿನ ವಾರ ಮಾವ ಅದೇ ಸ್ಟಾಪಿನಲ್ಲಿ ಹತ್ತಿದ. ಚೀಲ ಹಲ್ಲಿನಲ್ಲಿ, ಕಂಬಿಗೆ ಎಡಗೈ. ಕೂತು ಪಾಸ್ ತೆಗೆದು ಹಿಡಿದ. ನನ್ನ ಕೆನ್ನೆಯ ಬಾವು ಇನ್ನೂ ಇಳಿದಿರಲಿಲ್ಲ.

"ಬ್ಯಾಡ ಮಾವ. ನಂಗ ಗೊತ್ತದ," ಎಂದೆ.

"ನೋಡು," ಎಂದ. "ದಿನಾ ನೋಡು."

ದಿನಾ ನೋಡುತ್ತೇನೆ.